ಜೋಂಬಿ ಪ್ರಳಯದ ನಂತರದ ಕರ್ನಾಟಕ: ರೋಲ್‌ಪ್ಲೇ ಜಗತ್ತು ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬರಹ ಯಾರಿಗಾಗಿ, ಯಾವ ಜಗತ್ತಿನ ಬಗ್ಗೆ?

ಮೇಜಿನ ಸುತ್ತ ಕುಳಿತು ದಾಳ ಉರುಳಿಸಿಯೋ ಸರದಿಯಂತೆ ಬರೆದೋ ಕನ್ನಡದಲ್ಲಿ ರೋಲ್‌ಪ್ಲೇ (ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು ಕಥೆ ಬೆಳೆಸುವ ಆಟ) ಆಡುವ ಗುಂಪುಗಳಲ್ಲಿ, ಕಥೆ ನಡೆಯುವ ಜಗತ್ತನ್ನು ಆಟಕ್ಕೆ ಮೊದಲೇ ಕಟ್ಟಿಕೊಡುವ ಹೊಣೆ ಹೊತ್ತ ಗೇಮ್ ಮಾಸ್ಟರ್‌ಗಳಿಗಾಗಿ ಇದನ್ನು ಬರೆಯಲಾಗಿದೆ. ಉದ್ದಕ್ಕೂ ಒಂದೇ ಜಗತ್ತನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ: 2087ರ ಕರ್ನಾಟಕ, ಸೋಂಕು ಹರಡಿ ಆಡಳಿತ ಕುಸಿದು ಹನ್ನೆರಡು ವರ್ಷಗಳಾಗಿವೆ. ಆ ಸೋಂಕು, ಆ ಕುಸಿತ ಕಲ್ಪನೆ. ಆದರೆ ಇಲ್ಲಿ ಬರುವ ಇಂದಿನ ಊರು, ನದಿ, ಅಣೆಕಟ್ಟು, ಕೋಟೆ, ಕಾಯಿಲೆಗಳೆಲ್ಲ ವಾಸ್ತವದವು.

ಇಂಥ ಜಗತ್ತನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಜೋಂಬಿಯ ಹಲ್ಲು, ಉಗುರು, ಓಟದ ವೇಗಗಳಿಂದ ಆರಂಭಿಸುತ್ತಾರೆ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಏನು ನಿಂತುಹೋಯಿತು, ಏನು ಇನ್ನೂ ನಡೆಯುತ್ತಿದೆ, ಅದನ್ನು ಯಾರ ಕೈ ನಡೆಸುತ್ತಿದೆ? ಈ ಮೂರಕ್ಕೆ ಉತ್ತರವಿದ್ದರೆ ಸೋಂಕಿತರು ತೆರೆಯ ಮೇಲೆ ಬಾರದ ದಿನವೂ ಆಟ ಸಾಗುತ್ತದೆ.

ಕುಸಿತದ ನಂತರ ಹನ್ನೆರಡು ವರ್ಷ ಎಂದು ನಿಗದಿಪಡಿಸಲು ಕಾರಣವೇನು?

ಕುಸಿತದ ಮೊದಲ ವಾರಗಳನ್ನು ಆಡಿದರೆ ಅದು ಓಟ ಮತ್ತು ಗಾಬರಿಯ ಕಥೆಯಾಗಿ ಮುಗಿಯುತ್ತದೆ. ನೂರು ವರ್ಷ ದಾಟಿದರೆ ಹಳೆಯ ಜಗತ್ತಿನ ನೆನಪೇ ಉಳಿಯುವುದಿಲ್ಲ. ಹನ್ನೆರಡು ವರ್ಷದ ಹೊತ್ತಿಗೆ ಹಳೆಯದನ್ನು ಕಂಡವರೂ ಅದನ್ನು ಕೇಳಿ ಮಾತ್ರ ತಿಳಿದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುತ್ತಾರೆ. ವಸ್ತುಗಳ ಆಯುಸ್ಸೂ ಈ ಅವಧಿಯಲ್ಲಿ ಕಥೆಗೆ ಒದಗುವ ಹಂತಕ್ಕೆ ಬಂದಿರುತ್ತದೆ. ಪೆಟ್ರೋಲ್ ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ಕೆಟ್ಟು ಎಂಜಿನ್‌ಗೆ ಆಗದಂತಾಗುತ್ತದೆ. ಮನೆಯ ಯುಪಿಎಸ್‌ಗೆ ಹಾಕುವ ಸೀಸದ ಬ್ಯಾಟರಿ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಸೋಲುತ್ತದೆ. ಸೌರಫಲಕ ಮಾತ್ರ ವರ್ಷಕ್ಕೆ ಶೇಕಡಾ ಅರ್ಧದಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತಾ ಇಪ್ಪತ್ತೈದು ವರ್ಷಕ್ಕೂ ಮೀರಿ ದುಡಿಯುತ್ತದೆ. ಅಂದರೆ ಹಗಲು ವಿದ್ಯುತ್ತಿದೆ, ರಾತ್ರಿಗೆ ಕೂಡಿಡುವ ದಾರಿಯಿಲ್ಲ. ಈ ಒಂದು ಸಂಗತಿಯೇ ಊರಿನ ದಿನಚರಿಯನ್ನು, ಕಾವಲಿನ ಪಾಳಿಯನ್ನು, ರಾತ್ರಿಯ ಭಯವನ್ನು ರೂಪಿಸಿಬಿಡುತ್ತದೆ.

ಸೋಂಕಿಗೆ ವೈಜ್ಞಾನಿಕ ವಿವರಣೆ ಕೊಡಲೇಬೇಕೆ?

ಪಾತ್ರಗಳಿಗೆ ಪೂರ್ತಿ ವಿವರಣೆ ತಿಳಿದಿರಬೇಕಾಗಿಲ್ಲ, ಆದರೆ ಜಗತ್ತು ಕಟ್ಟುವವರಿಗೆ ತಿಳಿದಿರಬೇಕು. ಇಲ್ಲವಾದರೆ ಒಂದು ದಿನ ಕಚ್ಚಿದರೆ ಹರಡುವ ಸೋಂಕು ಇನ್ನೊಂದು ದಿನ ಗಾಳಿಯಲ್ಲಿ ಹರಡುತ್ತದೆ, ಆಟಗಾರರು ಎಚ್ಚರಿಕೆಯಿಂದ ಹೂಡಿದ ಉಪಾಯಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ.

ಪ್ರಕೃತಿಯಲ್ಲಿ ಮಾದರಿಗಳು ಬೇಕಾದಷ್ಟಿವೆ. ರೇಬಿಸ್ ಅವುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು. ಕಚ್ಚಿದ ಗಾಯದಿಂದ ಒಳಹೊಕ್ಕ ವೈರಸ್ ನರಗಳ ಗುಂಟ ಮಿದುಳಿನತ್ತ ಸಾಗುತ್ತದೆ, ಆಮೇಲೆ ಜೊಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ, ರೋಗಿಯ ವರ್ತನೆಯನ್ನೇ ಬದಲಿಸುತ್ತದೆ. ಕಚ್ಚಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಅಂತರವಿರುತ್ತದೆ. ಲಕ್ಷಣ ಕಂಡ ಮೇಲೆ ಬದುಕುಳಿದವರು ವಿರಳಾತಿವಿರಳ, ಆದರೆ ಕಚ್ಚಿದ ಮೇಲೆ ತಡಮಾಡದೆ ಸರಿಯಾದ ಚಿಕಿತ್ಸೆ, ಲಸಿಕೆ ಬಿದ್ದರೆ ರೋಗವನ್ನು ತಡೆಯಬಹುದು. ಕಥೆ ಹೆಣೆಯುವವರಿಗೆ ಇದಕ್ಕಿಂತ ಬಿಗಿಯಾದ ಕಾಲಮಿತಿ ಸಿಗಲಾರದು.

ಶಿಲೀಂಧ್ರದ ಮಾದರಿ ಈಚೆಗೆ ಹೆಚ್ಚು ಜನಪ್ರಿಯವಾಗಿದೆ. ಒಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಕೆಲವು ಜಾತಿಯ ಇರುವೆಗಳ ದೇಹವನ್ನು ಆಕ್ರಮಿಸಿ, ಅವು ಗಿಡ ಹತ್ತಿ ಎಲೆಯ ಕೆಳಭಾಗವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುವಂತೆ ಮಾಡುತ್ತದೆ; ಬಳಿಕ ಇರುವೆಯ ತಲೆಯ ಹಿಂದಿನಿಂದ ಕಾಂಡ ಹೊರಟು ಬೀಜಕಣಗಳು ಕೆಳಗೆ ಉದುರುತ್ತವೆ. ಗಮನಿಸಬೇಕಾದದ್ದೆಂದರೆ, ಈ ಶಿಲೀಂಧ್ರ ಇರುವೆಯ ಮಿದುಳಿನೊಳಗೆ ನುಗ್ಗದೆ ಸ್ನಾಯುಗಳ ಸುತ್ತ ಜಾಲ ಹೆಣೆಯುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಮಿದುಳು ಉಳಿದು ದೇಹ ಮಾತ್ರ ಕೈತಪ್ಪುವುದು ಎಷ್ಟು ಘೋರವೆಂದು ನಿಮ್ಮ ಆಟಗಾರರಿಗೆ ವಿವರಿಸಿ ಹೇಳಬೇಕಾಗುವುದಿಲ್ಲ. ಮನುಷ್ಯನ ದೇಹದ ಬಿಸಿಯಲ್ಲಿ ಬಹುತೇಕ ಶಿಲೀಂಧ್ರಗಳು ಬೆಳೆಯಲಾರವು ಎಂಬ ಅಡ್ಡಿಯನ್ನೂ ಕಥೆಯೇ ದಾಟಬೇಕು: ಭೂಮಿ ಬಿಸಿಯಾಗುತ್ತಾ ಬಂದಂತೆ ಶಿಲೀಂಧ್ರವೂ ಬಿಸಿಗೆ ಒಗ್ಗಿಕೊಂಡಿತು ಎಂದರೆ 2075ಕ್ಕೆ ಅದು ಅಸಂಗತವಾಗಿ ಕೇಳಿಸದು.

ನಿಧಾನವಾದ, ಅನುಮಾನವೇ ಮುಖ್ಯವಾದ ಕಥೆ ಬೇಕಿದ್ದವರು ಪಪುವಾ ನ್ಯೂಗಿನಿಯ ಫೋರೆ ಜನರನ್ನು ಕಾಡಿದ ಕುರು ರೋಗವನ್ನು ನೋಡಬೇಕು. ಸತ್ತ ಬಂಧುಗಳ ದೇಹವನ್ನು ತಿನ್ನುವ ಶ್ರಾದ್ಧದ ಆಚರಣೆಯಿಂದ ಹರಡಿದ, ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನ ಕಾಯಿಲೆ ಅದು. ಆಚರಣೆ ನಿಂತು ದಶಕಗಳಾದ ಮೇಲೂ ಹೊಸ ರೋಗಿಗಳು ಕಾಣಿಸಿಕೊಂಡರು. ಅದನ್ನು ಬಳಸುವಾಗ ಫೋರೆ ಜನರನ್ನು ರಾಕ್ಷಸರಂತೆ ಚಿತ್ರಿಸಬಾರದು. ಅವರಿಗೆ ಅದು ಸತ್ತವರ ಮೇಲಿನ ಪ್ರೀತಿಯ ಕರ್ಮವಾಗಿತ್ತು.

ಸೋಂಕಿತರು ಸತ್ತವರೋ, ಬದುಕಿರುವವರೋ?

ಭವಿಷ್ಯದ, ವಿಜ್ಞಾನದ ನೆಲೆಯ ಜಗತ್ತಿಗೆ ಬದುಕಿರುವ ಸೋಂಕಿತರೇ ಹೊಂದುತ್ತಾರೆಂದು ನಾನು ಭಾವಿಸುತ್ತೇನೆ. ಸುಮ್ಮನೆ ಬಿದ್ದಿರುವ ವಯಸ್ಕ ದೇಹಕ್ಕೂ ದಿನಕ್ಕೆ ಒಂದೂವರೆ ಸಾವಿರ ಕಿಲೊಕ್ಯಾಲರಿಯಷ್ಟು ಶಕ್ತಿ ಬೇಕು; ನೀರಿಲ್ಲದೆ ಕೆಲವೇ ದಿನ ತಾಳಬಲ್ಲದು. ಸತ್ತ ದೇಹಕ್ಕೆ ಈ ಅಗತ್ಯಗಳಿಲ್ಲವೆಂದರೂ ಕರಾವಳಿಯ ಸೆಕೆಯಲ್ಲಿ ಅದು ವಾರಗಳೊಳಗೆ ಕೊಳೆತು ಮೂಳೆಯಾಗುತ್ತದೆ, ಹನ್ನೆರಡು ವರ್ಷದ ಕಥೆಗೆ ಉಳಿಯುವುದಿಲ್ಲ. ಬದುಕಿರುವ ಸೋಂಕಿತರಾದರೆ ಅವರಿಗೂ ನೀರು ಬೇಕು, ನೆರಳು ಬೇಕು, ತಿನ್ನಲು ಏನಾದರೂ ಬೇಕು. ಆಗ ಅವರ ಚಲನೆಗೆ ಒಂದು ಕಾರಣ ಹುಟ್ಟುತ್ತದೆ, ಕಾರಣವಿರುವ ಚಲನೆಯನ್ನು ಆಟಗಾರರು ಗಮನಿಸಿ, ಊಹಿಸಿ, ಲೆಕ್ಕ ಹಾಕಬಹುದು.

ಇಲ್ಲಿಂದ ಮುಂದೆ ನಕ್ಷೆಯೇ ಕಥೆ ಹೇಳುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಕಲಬುರಗಿ, ರಾಯಚೂರಿನ ಬಯಲುಗಳಲ್ಲಿ ಹಗಲು ಸೋಂಕಿತರು ಕಾಣುವುದಿಲ್ಲ. ಭೀಮೆ, ಕೃಷ್ಣೆಯರ ಮಡುಗಳ ಬಳಿ ಗುಂಪುಗೂಡಿರುತ್ತಾರೆ, ಮುಸ್ಸಂಜೆಯ ನಂತರ ಹರಡುತ್ತಾರೆ. ಏಪ್ರಿಲ್ ತಿಂಗಳಲ್ಲಿ ನೀರು ತರಲು ಹೊಳೆಗೆ ಹೋಗುವುದೇ ಅಲ್ಲಿ ಒಂದು ಪೂರ್ಣ ಅಧ್ಯಾಯವಾಗಬಲ್ಲದು. ಆಗುಂಬೆಯಂಥ ಮಲೆನಾಡಿನಲ್ಲಿ ನೀರಿಗೆ ಬರವಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆಯ ಸದ್ದಿನಲ್ಲಿ ಹತ್ತು ಮಾರು ದೂರದ ಹೆಜ್ಜೆಯೂ ಕೇಳಿಸದು. ಒಂದೇ ಸೋಂಕು, ಎರಡು ಊರುಗಳಲ್ಲಿ ಎರಡು ಬಗೆಯ ಭಯ.

ಮಂಗನ ಕಾಯಿಲೆಯನ್ನು ಮೂಲವಾಗಿ ಬಳಸಬಹುದೇ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಜಗತ್ತಿನಾದ್ಯಂತ ಹೆಸರಾದ ಈ ರೋಗ ಉಣ್ಣೆಗಳಿಂದ ಹರಡುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದರೆ ಮಲೆನಾಡಿನವರು ಇಂದಿಗೂ ಅದನ್ನು ಅಪಾಯದ ಮುನ್ಸೂಚನೆಯೆಂದು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಆ ಮುನ್ಸೂಚನೆಯ ಕ್ರಮವನ್ನು, ಮೈಗೆ ಎಣ್ಣೆ ಹಚ್ಚಿ ಕಾಡಿಗೆ ಹೋಗುವ ರೂಢಿಯನ್ನು, ಒಣಗಿದ ತರಗೆಲೆ ಗುಡಿಸಲು ಹೋದವರೇ ಮೊದಲು ಸಿಕ್ಕಿಬೀಳುವ ಸಂಗತಿಯನ್ನು ಜಗತ್ತಿನೊಳಗೆ ತರಬಹುದು. ರೋಗದ ಹೆಸರನ್ನೇ ಇಟ್ಟು ಅದರ ರೋಗಿಗಳನ್ನು ಜೋಂಬಿಗಳಾಗಿಸುವುದು ಮಾತ್ರ ಬೇಡ. ಆ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ನಮ್ಮ ನಡುವೆಯೇ ಇವೆ.

ಸೋಂಕು ಎಷ್ಟು ವೇಗವಾಗಿ ಹರಡಿದರೆ ನಂಬುವಂತಿರುತ್ತದೆ?

2009ರಲ್ಲಿ ಕೆನಡಾದ ಗಣಿತಜ್ಞರ ಒಂದು ತಂಡ ಸಾಂಕ್ರಾಮಿಕ ರೋಗಗಳಿಗೆ ಬಳಸುವ ಸಮೀಕರಣಗಳನ್ನೇ ಜೋಂಬಿಗಳಿಗೆ ಅನ್ವಯಿಸಿ ನೋಡಿತು. ಪ್ರತ್ಯೇಕವಾಸ, ಚಿಕಿತ್ಸೆ ಎರಡೂ ಹೆಚ್ಚು ಫಲ ಕೊಡದೆ, ಬೇಗನೆ ಮತ್ತು ಮೇಲಿಂದ ಮೇಲೆ ಬಲ ಹೆಚ್ಚಿಸಿಕೊಂಡು ಎದುರಿಸಿದರೆ ಮಾತ್ರ ಸಮಾಜ ಉಳಿಯುತ್ತದೆ ಎಂಬುದು ಅವರ ಮಾದರಿ ಕೊಟ್ಟ ಉತ್ತರ. ನಮ್ಮ ಜಗತ್ತಿಗೆ ಇದರಿಂದ ಸಿಗುವ ಪಾಠ ಸರಳ: ಸಮಾಜ ಕುಸಿಯಬೇಕಾದರೆ ಮೊದಲ ಹೊಡೆತ ಯಾರ ಗಮನಕ್ಕೂ ಬಾರದೆ ಹೋಗಬೇಕು. ಕಚ್ಚಿದ ಹತ್ತು ನಿಮಿಷಕ್ಕೆ ಮನುಷ್ಯ ಬದಲಾದರೆ ಸೋಂಕು ಒಂದು ಬೀದಿಯಲ್ಲೇ ಸಿಕ್ಕಿಬಿದ್ದು ನಾಶವಾಗುತ್ತದೆ. ಆತ ಬಸ್ಸು ಹತ್ತಿ ಊರು ಸೇರುವಷ್ಟು ಹೊತ್ತು ಬೇಕು. ನನ್ನ ಆಯ್ಕೆ ಒಂಬತ್ತರಿಂದ ಹದಿನೈದು ದಿನ. ಅಷ್ಟರಲ್ಲಿ ಜಾತ್ರೆ ಮುಗಿಸಿ ಜನ ಹತ್ತಾರು ತಾಲ್ಲೂಕುಗಳಿಗೆ ಹಿಂದಿರುಗಿರುತ್ತಾರೆ, ಮತ್ತು ಪ್ರತ್ಯೇಕವಾಸದ ಕೋಣೆಯಲ್ಲಿ ಕೂತ ಪಾತ್ರಕ್ಕೆ ಹದಿನೈದು ರಾತ್ರಿಗಳ ಕಥೆ ಸಿಗುತ್ತದೆ.

ಬೆಂಗಳೂರಿನ ಗತಿ ಏನಾಗುತ್ತದೆ?

ಬೆಂಗಳೂರನ್ನು ಜೋಂಬಿಗಳು ಸೋಲಿಸಬೇಕಾಗಿಯೇ ಇಲ್ಲ, ಪಂಪುಗಳು ನಿಂತರೆ ಸಾಕು. ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದ ದಿಬ್ಬದ ಮೇಲೆ, ಹತ್ತಿರದಲ್ಲಿ ದೊಡ್ಡ ನದಿಯೇ ಇಲ್ಲದೆ ಬೆಳೆದ ಈ ಮಹಾನಗರಕ್ಕೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಕೊಳವೆಗಳಲ್ಲಿ ಹರಿದು, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಹೆಚ್ಚುಕಡಿಮೆ ಐನೂರು ಮೀಟರ್ ಮೇಲಕ್ಕೆ ಎತ್ತಲ್ಪಟ್ಟು ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ತರುವಂತೆ ರೂಪುಗೊಂಡದ್ದು. ಈ ಮೂರರಲ್ಲಿ ಯಾವುದೇ ಒಂದು ಕೇಂದ್ರದ ಕೆಲಸಗಾರರು ಪಾಳಿಗೆ ಬಾರದಿದ್ದರೂ ನಗರದ ನಲ್ಲಿ ಒಣಗುತ್ತದೆ. ಬಹುಮಹಡಿ ಕಟ್ಟಡದ ಹದಿನೆಂಟನೇ ಅಂತಸ್ತಿನಲ್ಲಿ ಬಾಗಿಲು ಭದ್ರಪಡಿಸಿಕೊಂಡವರನ್ನು ಸೋಂಕಿತರು ತಲುಪುವುದಕ್ಕಿಂತ ಮೊದಲು ಬಾಯಾರಿಕೆ ತಲುಪುತ್ತದೆ. ಕೊಳವೆಬಾವಿಗಳಿವೆಯಲ್ಲ ಎಂದು ಆಟಗಾರರು ಕೇಳುತ್ತಾರೆ. ಸಾವಿರ ಅಡಿ ಆಳದ ಕೊಳವೆಬಾವಿಯಿಂದ ಕೈಯಲ್ಲಿ ನೀರೆತ್ತಲು ಆಗುವುದಿಲ್ಲ, ಅದಕ್ಕೂ ವಿದ್ಯುತ್ ಬೇಕು.

ಆದ್ದರಿಂದ 2087ರ ಬೆಂಗಳೂರಿನಲ್ಲಿ ಜನ ಉಳಿದಿದ್ದರೆ ಅವರು ಕೆರೆಗಳ ದಂಡೆಯಲ್ಲಿ ಉಳಿದಿರುತ್ತಾರೆ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯಂಥ ಹಳೆಯ ಜಲಾಶಯಗಳು ಮತ್ತೆ ಊರುಗಳ ಹೆಸರಾಗುತ್ತವೆ. ಗಾಜಿನ ಕಚೇರಿಗಳಿರುವ ಹೊರವರ್ತುಲ ರಸ್ತೆಯಲ್ಲಿ ಲೋಹಕ್ಕೂ ತಂತಿಗೂ ಹುಡುಕುವವರು ಮಾತ್ರ ಅಲೆಯುತ್ತಾರೆ. ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೋ ನಿಲ್ದಾಣವನ್ನು ಆಶ್ರಯತಾಣವಾಗಿಸಲು ಹಲವರು ಬಯಸುತ್ತಾರೆ. ಒಸರುವ ನೀರನ್ನು ಹೊರಹಾಕುವ ಪಂಪು, ಗಾಳಿಯಾಡಿಸುವ ಯಂತ್ರ ನಿಂತ ಮೇಲೆ ಅದು ಕತ್ತಲೆಯ ಬಾವಿಯಾಗುತ್ತದೆ ಎಂಬುದನ್ನು ನೆನಪಿಡಿ.

ನಗರಕ್ಕೆ ಮಾರಿಯ ನೆನಪೂ ಇದೆ. 1898ರ ಪ್ಲೇಗ್ ಬೆಂಗಳೂರಿನ ಪೇಟೆಯನ್ನು ಬರಿದು ಮಾಡಿತು, ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು, ಗಾಳಿ ಬೆಳಕಿಗೆಂದು ಅಗಲ ರಸ್ತೆಗಳನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು, ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಸೋಂಕು ಒಂದು ನಗರದ ನಕ್ಷೆಯನ್ನೂ ದೇವರನ್ನೂ ಹೇಗೆ ಬದಲಿಸುತ್ತದೆ ಎಂದು ಕಲ್ಪಿಸಿಕೊಳ್ಳಲು ಬೇರೆ ದೇಶದ ಇತಿಹಾಸಕ್ಕೆ ಹೋಗಬೇಕಾಗಿಲ್ಲ.

ವಿದ್ಯುತ್ ಎಲ್ಲಿ ಉಳಿದಿರುತ್ತದೆ?

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ನೂರೈವತ್ತು ಕಿಲೋಮೀಟರ್ ಸಮೀಪದ ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನೀರು ಮೇಲಿಂದ ಬೀಳುವಲ್ಲಿ ಕಲ್ಲಿದ್ದಲನ್ನು ಕಾಯಬೇಕಾಗಿಲ್ಲ ಎಂಬುದೇ ಜಲವಿದ್ಯುತ್ತಿನ ಬಲ, ನಮ್ಮ ಜಗತ್ತಿನಲ್ಲೂ ಅದೇ ಕಾರಣಕ್ಕೆ ಶರಾವತಿ ಕಣಿವೆ ಅಧಿಕಾರದ ಕೇಂದ್ರವಾಗುತ್ತದೆ. ಹೊರಗಿನ ವಿದ್ಯುತ್ತಿನ ಸಹಾಯವಿಲ್ಲದೆ ಮತ್ತೆ ಚಾಲೂ ಆಗಬಲ್ಲ ಸ್ಥಾವರಗಳು ಹೆಚ್ಚಾಗಿ ಜಲವಿದ್ಯುತ್ ಸ್ಥಾವರಗಳೇ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಕಲ್ಲಿದ್ದಲಿನ ರೈಲು ಬಾರದೆ ವಾರಗಳಲ್ಲಿ ನಿಲ್ಲುತ್ತದೆ. ಪಾವಗಡದ ಸೌರ ಉದ್ಯಾನ ಇಂದು ಸುಮಾರು 13,000 ಎಕರೆಯಲ್ಲಿ ಹರಡಿ 2,050 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ಕುಸಿತದ ನಂತರ ಅಲ್ಲಿಂದ ಫಲಕಗಳನ್ನು ಕಿತ್ತು ಎತ್ತಿನ ಗಾಡಿಯಲ್ಲಿ ಊರೂರಿಗೆ ಒಯ್ದು ಮಾರುವ ವ್ಯಾಪಾರವೇ ಹುಟ್ಟಿಕೊಳ್ಳುತ್ತದೆ.

ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ಅತಿಶಯದ ಕಥೆಗಳನ್ನು ಹೆಣೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, ಅವುಗಳಲ್ಲಿ ಮೊದಲನೆಯದು 2018ರ ಕೊನೆಯಲ್ಲಿ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತ್ತು. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಇಂಧನ ಬಹುಕಾಲ ಬಿಸಿ ಹೊಮ್ಮಿಸುತ್ತಲೇ ಇರುತ್ತದೆ, ಅದನ್ನು ತಣ್ಣಗಿಡಲು ನೀರು ಹರಿಯುತ್ತಿರಬೇಕು. ಇಲ್ಲಿ ಸ್ಫೋಟದ ದೃಶ್ಯಕ್ಕಿಂತ ಗಟ್ಟಿಯಾದ ಕಥೆಯೊಂದಿದೆ: ಹೊರಗೆ ರಾಜ್ಯವೇ ಕುಸಿಯುತ್ತಿರುವಾಗ ಮನೆಗೆ ಹೋಗದೆ ಉಳಿದು ಕಾಳಿ ನದಿಯ ನೀರನ್ನು ಹರಿಸುತ್ತಾ ಸ್ಥಾವರವನ್ನು ಸುರಕ್ಷಿತವಾಗಿ ತಣಿಸಿದ ಒಂದು ಪಾಳಿಯ ನೌಕರರ ಕಥೆ. ಉತ್ತರ ಕನ್ನಡದಲ್ಲಿ ಇನ್ನೂ ಜನ ಬದುಕಿದ್ದರೆ ಅದು ಅವರಿಂದ.

ಅಣೆಕಟ್ಟುಗಳು ಹನ್ನೆರಡು ವರ್ಷ ತಾಳುತ್ತವೆಯೇ?

ಕಲ್ಲು ತಾಳುತ್ತದೆ, ಗೇಟು ತಾಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಉಳಿದ ನೀರನ್ನು ತಡೆಯಬೇಕಾಯಿತು. ಆಡಳಿತ, ಕ್ರೇನು, ತಜ್ಞರು ಎಲ್ಲ ಇದ್ದ ಕಾಲದ ಮಾತಿದು. ಯಾರೂ ಇಲ್ಲದ ಕಾಲದಲ್ಲಿ ಹಂಪಿಯ ಕೆಳಗಿನ ಊರುಗಳು ಪ್ರತಿ ಮುಂಗಾರಿನಲ್ಲೂ ಆ ಸರಪಳಿಗಳ ಸದ್ದಿಗೆ ಕಿವಿಗೊಟ್ಟು ಮಲಗುತ್ತವೆ. ಸರಪಳಿಗೆ ಗ್ರೀಸ್ ಹಚ್ಚುವ ಕೆಲಸ ಯಾರದು ಎಂದು ನಿರ್ಧರಿಸಿ, ಅವರಿಗೆ ಶತ್ರುಗಳನ್ನೂ ಕೊಡಿ.

ಭವಿಷ್ಯದ ತಂತ್ರಜ್ಞಾನ ಎಷ್ಟಿರಬೇಕು?

ಎಷ್ಟು ಬೇಕಾದರೂ ಇರಲಿ, ಆದರೆ ಪ್ರತಿಯೊಂದಕ್ಕೂ ಬಿಡಿಭಾಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿರಲಿ. ಚಿಪ್ ತಯಾರಿಸಲು ಅತಿ ಶುದ್ಧ ನೀರು, ಅನಿಲ, ನೂರಾರು ದೇಶಾಂತರ ಪೂರೈಕೆದಾರರು ಬೇಕು. ಹಾಗಾಗಿ 2075ರ ನಂತರ ಹೊಸ ಚಿಪ್ ಹುಟ್ಟಿಲ್ಲ, ಇರುವುದೆಲ್ಲ ಹಳೆಯದರ ಬೆಸುಗೆ. ಭೂಮಿಗೆ ಸಮೀಪದ ಕಕ್ಷೆಯ ಅಂತರ್ಜಾಲ ಉಪಗ್ರಹಗಳು ನಿಯಂತ್ರಣ ತಪ್ಪಿದ ಮೇಲೆ ಕೆಲವೇ ವರ್ಷಗಳಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಗಿವೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳು ಬೀಳುವುದಿಲ್ಲ, ತಮ್ಮ ಜಾಗದಿಂದ ಸರಿದು ತೇಲುತ್ತಿವೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ಆಂಟೆನಾ ಇದೆ; ಅದನ್ನು ಕೈಯಿಂದ ತಿರುಗಿಸಿ ತೇಲುವ ಉಪಗ್ರಹವೊಂದರ ಕ್ಷೀಣ ದನಿಯನ್ನು ಹಿಡಿಯಲು ಹೊರಟ ತಂಡಕ್ಕಿಂತ ಒಳ್ಳೆಯ ಅಭಿಯಾನವನ್ನು ನಾನು ಕಲ್ಪಿಸಲಾರೆ. ದಿನನಿತ್ಯದ ಸಂಪರ್ಕಕ್ಕೆ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೊ ಸಾಕು.

ಕೃತಕ ಬುದ್ಧಿಮತ್ತೆಯನ್ನು ಎಲ್ಲ ಬಲ್ಲ ದೇವರಾಗಿಸಬೇಡಿ. ಹಗಲು ಸೌರಫಲಕದ ಬಲದಿಂದ ಎದ್ದು ಸಂಜೆಗೆ ಮಲಗುವ, ಹನ್ನೆರಡು ವರ್ಷದಿಂದ ಹೊಸದೇನನ್ನೂ ಕಲಿಯದ, ಜಿಲ್ಲಾಸ್ಪತ್ರೆಯೊಂದರ ಸಲಹಾಯಂತ್ರ ಹೆಚ್ಚು ನಂಬುವಂತಿರುತ್ತದೆ.

ಜನ ಎಲ್ಲಿ ನೆಲೆಸಿರುತ್ತಾರೆ?

ಕೋಟೆ ಎಂದೊಡನೆ ಚಿತ್ರದುರ್ಗ ಎಲ್ಲರ ಮನಸ್ಸಿಗೂ ಬರುತ್ತದೆ, ಬರಬೇಕಾದದ್ದೇ. ಏಳು ಸುತ್ತಿನ ಗೋಡೆಗಿಂತಲೂ ಅಲ್ಲಿನ ಹೊಂಡಗಳು ಒಂದಕ್ಕೊಂದು ನೀರು ಹಾಯಿಸುವಂತೆ ಕಟ್ಟಿರುವುದು ಮುತ್ತಿಗೆಯನ್ನು ತಡೆಯುವ ನಿಜವಾದ ಶಕ್ತಿ. ಅಷ್ಟು ಭದ್ರವಾದ ಕೋಟೆಗೂ ಒಂದು ಕಿಂಡಿಯಿತ್ತು ಎಂಬುದನ್ನು ಓಬವ್ವನ ಕಥೆ ಕೇಳಿ ಬೆಳೆದ ಆಟಗಾರರು ಮರೆಯುವುದಿಲ್ಲ. ನಿಮ್ಮ ಪ್ರತಿ ನೆಲೆಗೂ ಅಂಥದೊಂದನ್ನು ಇಡಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ನೆಲದಡಿಯ ಕಾಲುವೆಯಲ್ಲಿ ನೀರು ತಾನಾಗಿ ಇಳಿಜಾರಿಗೆ ಹರಿದು ಬರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡು ಗಡಿಯಲ್ಲಿ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗಗಳೂ ಹಾಗೆಯೇ ವಿದ್ಯುತ್ತಿಲ್ಲದೆ ನೀರು ಕೊಡುತ್ತವೆ. ಇವೆರಡೂ ಸೋಂಕಿತರ ಕಣ್ಣಿಗೆ ಬೀಳದ ನೀರು.

ಕೋಲಾರದ ಚಿನ್ನದ ಗಣಿಗಳಲ್ಲಿ ಅಡಗಿಕೊಳ್ಳುವ ಕಥೆ ಬೇಡ. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡಿವೆ. ಸಯನೈಡ್ ದಿಬ್ಬಗಳೆಂದು ಅಲ್ಲಿನವರು ಕರೆಯುವ ತ್ಯಾಜ್ಯದ ಗುಡ್ಡಗಳನ್ನು ಮಾತ್ರ ದೂರದಿಂದ ಕಾಣುವ ಗುರುತಾಗಿ ಬಳಸಬಹುದು.

ಊಟಕ್ಕೆ ಏನು?

ಬಯಲುಸೀಮೆಯಲ್ಲಿ ರಾಗಿ, ಜೋಳ. ಒಣಹವೆಯಲ್ಲಿ ಹುಳು ಬೀಳದೆ ವರ್ಷಗಟ್ಟಲೆ ಉಳಿಯುವ ರಾಗಿಯನ್ನು ಹಿಂದಿನವರು ನೆಲದಡಿಯ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿ ಮೇಲೆ ಮಣ್ಣು ಹಾಕುತ್ತಿದ್ದರು. ದಾಳಿಕೋರರಿಗೆ ಕಾಣದ ಕಣಜ ಅದು. ಬಾಯಿ ತೆರೆದೊಡನೆ ಒಳಗಿಳಿದರೆ ಉಸಿರುಕಟ್ಟಿ ಸಾಯುವ ಅಪಾಯವಿರುವುದರಿಂದ ಮೊದಲು ದೀಪ ಇಳಿಸಿ ನೋಡುವುದನ್ನು ತಿಳಿದ ಹಿರಿಯರೊಬ್ಬರು ಪ್ರತಿ ಊರಿನಲ್ಲೂ ಬೇಕು; ಅವರು ಸತ್ತರೆ ಊರು ಏನನ್ನು ಕಳೆದುಕೊಳ್ಳುತ್ತದೆ ಎಂದು ಆಟಗಾರರಿಗೆ ಆಗ ತಿಳಿಯುತ್ತದೆ. ಕೆರೆಯ ಕೆಳಗೆ ಭತ್ತ ಬೆಳೆಯುವಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ ಈ ಜಗತ್ತಿನಲ್ಲಿ ಬಂದೂಕುಳ್ಳವನಿಗಿಂತ ದೊಡ್ಡ ವ್ಯಕ್ತಿ. ಏರಿ ಒಡೆಯದಂತೆ ಕೋಡಿಯನ್ನು ಕಾಯುವುದೂ ಅವನ ಹೊಣೆಯೇ.

ಜಾತಿ, ಧರ್ಮ, ಹಳೆಯ ಅಧಿಕಾರಗಳು ಉಳಿದಿರುತ್ತವೆಯೇ?

ಪ್ರಳಯ ಬಂದ ಕೂಡಲೇ ಎಲ್ಲರೂ ಸಮಾನರಾದರು ಎಂದು ಬರೆಯುವುದು ಸುಲಭ, ಸತ್ಯಕ್ಕೆ ದೂರ. ನೀರು ವಿರಳವಾದಾಗ ಬಾವಿಯ ಬಳಿ ಹಳೆಯ ಸಾಲುಗಳು ಮತ್ತೆ ಎದ್ದೇಳುವ ಸಾಧ್ಯತೆಯೇ ಹೆಚ್ಚು. ಹೆಣ ಸಾಗಿಸುವ, ಸೋಂಕಿತರ ದೇಹ ಸುಡುವ ಕೆಲಸ ಯಾರ ತಲೆಗೆ ಕಟ್ಟಲಾಯಿತು ಎಂಬ ಪ್ರಶ್ನೆಯನ್ನು ಪ್ರತಿ ಊರಿಗೂ ಕೇಳಿ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಿದ ಸಮಾಜ ಈ ಕೆಲಸವನ್ನು ಹೇಗೆ ಹಂಚೀತು ಎಂದು ಊಹಿಸುವುದು ಕಷ್ಟವೇನಲ್ಲ. ಅದನ್ನು ಪ್ರತಿಭಟಿಸಿ ಪಾಳಿಯ ಪ್ರಕಾರ ಎಲ್ಲರೂ ಮಾಡುವ ಊರನ್ನೂ ಕಟ್ಟಿ, ಎರಡು ಊರುಗಳ ನಡುವೆ ಆಟಗಾರರನ್ನು ನಿಲ್ಲಿಸಿ. ಗುಂಪಿನಲ್ಲಿ ಈ ನೋವನ್ನು ನಿತ್ಯ ಬದುಕಿನಲ್ಲಿ ಉಂಡವರಿದ್ದರೆ, ಅವರ ಒಪ್ಪಿಗೆಯಿಲ್ಲದೆ ಇದನ್ನು ಆಟಕ್ಕೆ ತರಬಾರದು.

ದೆವ್ವ, ಭೂತ, ದೈವಗಳನ್ನು ಸೇರಿಸಬಹುದೇ?

ಜೋಂಬಿಯ ಕಲ್ಪನೆ ಹೈಟಿ ದೇಶದ್ದು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕಾ ಮೂಲದ ಜನರಲ್ಲಿ, ಸತ್ತ ಮೇಲೂ ಯಜಮಾನನಿಗೆ ದುಡಿಯುತ್ತಲೇ ಇರಬೇಕಾದ ದೇಹದ ಭಯವಾಗಿ ಅದು ರೂಪುಗೊಂಡಿತು. ಕಚ್ಚಿ ಹರಡುವ ಜೋಂಬಿ ಬಹಳ ಈಚಿನ ಸಿನಿಮಾದ ಸೃಷ್ಟಿ. ಈ ಮೂಲವನ್ನು ಗೌರವದಿಂದ ನೆನೆದರೆ ಸೋಂಕಿತರನ್ನೇ ಗಾಣಕ್ಕೆ ಕಟ್ಟಿ ದುಡಿಸುವ ಒಡೆಯನ ಕಥೆ ತಾನಾಗಿ ಹೊಳೆಯುತ್ತದೆ.

ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಅನೇಕರು ಕಂಡಿದ್ದಾರೆ. ಅದೇ ಬರಹ ಈ ಜಗತ್ತಿನಲ್ಲಿ ಪ್ರತ್ಯೇಕವಾಸದ ಮನೆಯ ಗುರುತಾಗಬಹುದು. ಆದರೆ ತುಳುನಾಡಿನ ದೈವಾರಾಧನೆ ಜೀವಂತ ಶ್ರದ್ಧೆ. ಪಂಜುರ್ಲಿ, ಗುಳಿಗರನ್ನು ರಾಕ್ಷಸರಂತೆ ಹೋರಾಟಕ್ಕೆ ಇಳಿಸುವುದು ಸಲ್ಲದು. ದೈವದ ಮುಂದೆ ನ್ಯಾಯ ಕೇಳುವ ಪದ್ಧತಿ ನ್ಯಾಯಾಲಯಗಳಿಲ್ಲದ ಕಾಲದಲ್ಲಿ ಮತ್ತೆ ಬಲ ಪಡೆಯುವುದನ್ನು ತೋರಿಸಿದರೆ ಸಾಕು.

ಆಟಗಾರರು ಯಾವ ಪಾತ್ರಗಳನ್ನು ಆರಿಸಿಕೊಳ್ಳಬಹುದು?

ಸೈನಿಕರು, ವಿಜ್ಞಾನಿಗಳು ಬೇಡವೆಂದಲ್ಲ. ಲೈನ್‌ಮನ್, ಆಶಾ ಕಾರ್ಯಕರ್ತೆ, ಪಶುವೈದ್ಯ, ಬೋರ್‌ವೆಲ್ ಮೆಕ್ಯಾನಿಕ್, ಸೂಲಗಿತ್ತಿ, ಕೆಎಸ್‌ಆರ್‌ಟಿಸಿಯ ಹಳೆಯ ಚಾಲಕಿ, ಇವರಿಗೆ ಈ ಜಗತ್ತಿನ ಕೀಲಿಗಳು ಗೊತ್ತು. ಪಾತ್ರಕ್ಕೆ ಊರನ್ನೂ ಕೊಡಿ, ಊರಿನ ಮಾತನ್ನೂ ಕೊಡಿ. ಧಾರವಾಡದವರು, ಕುಂದಾಪುರದವರು, ಚಾಮರಾಜನಗರದವರು ಒಂದೇ ಬಗೆಯ ಕನ್ನಡ ಆಡಿದರೆ ಮೂವರೂ ಕಳೆಗುಂದುತ್ತಾರೆ.

ನಿಯಮಗಳು ಹೇಗಿರಬೇಕು?

ಗುಂಡುಗಳ ಲೆಕ್ಕಕ್ಕಿಂತ ನೀರು, ಬೆಳಕು, ಔಷಧಿಗಳ ಲೆಕ್ಕ ಬಿಗಿಯಾಗಿರಲಿ. ಪ್ರತಿ ಆಟದ ಕೊನೆಗೆ ಊರಿನ ಒಂದು ಯಂತ್ರಕ್ಕೆ ದಾಳ ಹಾಕಿ: ಕಡಿಮೆ ಬಿದ್ದರೆ ಅದು ಕೆಡುತ್ತದೆ, ಮುಂದಿನ ಆಟ ಅದರ ಬಿಡಿಭಾಗದ ಹುಡುಕಾಟ. ಉಳಿದದ್ದನ್ನು ನಿಮ್ಮ ಗುಂಪಿಗೆ ಹೊಂದುವ ಯಾವ ಪದ್ಧತಿಯಲ್ಲಾದರೂ ಆಡಬಹುದು.

ಕೋವಿಡ್ ಕಾಲದಲ್ಲಿ ಬಂಧುಗಳನ್ನು ಕಳೆದುಕೊಂಡವರು ಗುಂಪಿನಲ್ಲಿದ್ದರೆ?

ಇರುತ್ತಾರೆಂದೇ ಎಣಿಸಿ ಆರಂಭಿಸಿ. ಆಮ್ಲಜನಕದ ಸಿಲಿಂಡರ್, ಚಿತಾಗಾರದ ಸರತಿ, ಮುಖ ನೋಡಲಾಗದ ವಿದಾಯ, ಇವೆಲ್ಲ ಕೆಲವರಿಗೆ ಕಥೆಯ ಸಾಮಗ್ರಿಯಲ್ಲ. ಆಟಕ್ಕೆ ಮುನ್ನ ಒಮ್ಮೆ ಕುಳಿತು, ಬರಲೇಬಾರದ ವಿಷಯಗಳಾವುವು, ಬಂದರೂ ವಿವರಿಸದೆ ದಾಟಿಸಬೇಕಾದವು ಯಾವುವು ಎಂದು ಎಲ್ಲರಿಂದಲೂ ಕೇಳಿ ಬರೆದುಕೊಳ್ಳಿ. ಈ ದೃಶ್ಯ ಬೇಡವೆಂದು ಸೂಚಿಸಲು X ಎಂದು ಬರೆದಿಟ್ಟ ಚೀಟಿಯನ್ನು, ಅಂದರೆ ಎಕ್ಸ್ ಕಾರ್ಡನ್ನು, ಆಡುವಾಗ ಯಾರಾದರೂ ಮೇಜಿನ ಮೇಲೆ ಮುಟ್ಟಿದರೆ ಕಾರಣ ಕೇಳದೆ ದೃಶ್ಯವನ್ನು ಬದಲಿಸಬೇಕು.

ಕೊನೆಗೆ ಮದ್ದು ಸಿಗಬೇಕೇ?

ಸಿಗಬಹುದು, ಆದರೆ ಪೆಟ್ಟಿಗೆಯಲ್ಲಿ ಹೊಳೆಯುವ ಒಂದು ಶೀಶೆಯಾಗಿ ಬೇಡ. 1911ರ ಸುಮಾರಿಗೆ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ರೇಬಿಸ್ ಲಸಿಕೆಯನ್ನು ಸೋಂಕು ತಗುಲಿಸಿದ ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಹೊಟ್ಟೆಗೆ ದಿನವೂ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ಆ ಚಿಕಿತ್ಸೆಯನ್ನು ಹಳ್ಳಿಯ ಹಿರಿಯರು ಇಂದೂ ನೆನೆಯುತ್ತಾರೆ. ಕೆಲವರಿಗೆ ಅದೇ ಲಸಿಕೆಯಿಂದ ನರಗಳಿಗೆ ತೀವ್ರ ಹಾನಿಯಾಗುತ್ತಿತ್ತು. ಆದರೂ ಈ ಶತಮಾನದ ಮೊದಲ ವರ್ಷಗಳವರೆಗೆ ಭಾರತದಲ್ಲಿ ಅದು ಬಳಕೆಯಲ್ಲಿತ್ತು, ಅಸಂಖ್ಯ ಜೀವಗಳನ್ನು ಉಳಿಸಿತು. 2087ರಲ್ಲಿ ಕುರಿ ಸಾಕುವ ಒಂದು ಊರು, ಹಳೆಯ ಪಶುವೈದ್ಯೆಯೊಬ್ಬರು, ಶರಾವತಿಯ ತಂತಿಯಿಂದ ನಡೆಯುವ ಒಂದು ಶೀತಪೆಟ್ಟಿಗೆ ಇದ್ದರೆ ಅಂಥದೇ ಒರಟು ಲಸಿಕೆ ಸಾಧ್ಯ. ಕಚ್ಚಿಸಿಕೊಂಡವರು ಒಂಬತ್ತನೇ ದಿನದೊಳಗೆ ಅಲ್ಲಿಗೆ ತಲುಪಬೇಕು. ನೂರರಲ್ಲಿ ಎಷ್ಟು ಮಂದಿಗೆ ಅದು ಕೈಕಾಲು ಸ್ವಾಧೀನ ತಪ್ಪಿಸುತ್ತದೆ ಎಂಬುದನ್ನು ನೀವು ಮೊದಲೇ ನಿರ್ಧರಿಸಿ ಗುಟ್ಟಾಗಿಡಿ. ಸರತಿಯಲ್ಲಿ ಯಾರು ಮೊದಲು, ವಿದ್ಯುತ್ ಕೊಡುವ ಕಣಿವೆಯವರಿಗೆ ಎಷ್ಟು ಪಾಲು, ಹೊರಗಿನ ಊರಿನವರಿಗೆ ಉಂಟೇ ಇಲ್ಲವೇ ಎಂಬುದನ್ನು ಆಟಗಾರರೇ ಸಭೆ ಸೇರಿ ತೀರ್ಮಾನಿಸಲಿ.